ಯಾವ ಕಾಲದ ಬಿಸಿಲಿಗೆ ಈ ಮೋಲ್ಡು, ಈ ಸೇತುವೆ?

ತೆಂಗಿನ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಹೊಸ ವಿಷಯವಲ್ಲ. ಕಪ್ಪು ಲ್ಯಾಟರಲ್ ಪೈಪನ್ನು ನಡುಮಧ್ಯಾಹ್ನ ಬಿಗಿಯಾಗಿ ಎಳೆದು ಎರಡೂ ಕಡೆ ಕಟ್ಟಿದರೆ ಮಾರನೆಯ ಬೆಳಗಿನ ಜಾವಕ್ಕೆ ಅದು ಕುಗ್ಗಿ ಜಾಯಿಂಟು ಕಳಚಿಕೊಂಡಿರುತ್ತದೆ. 100 ಮೀಟರ್ ಪೈಪು 20 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾದರೆ 30ರಿಂದ 40 ಸೆಂಟಿಮೀಟರ್ ಗಿಡ್ಡವಾಗುತ್ತದೆ. ಅದಕ್ಕೇ ಪೈಪನ್ನು ಸಾಲಿನುದ್ದಕ್ಕೂ ಅಂಕುಡೊಂಕಾಗಿ, ಸಡಿಲವಾಗಿ ಬಿಡುತ್ತಾರೆ. ಎಷ್ಟು ಸಡಿಲ ಬಿಡಬೇಕೆಂದು ಯಾರೂ ಪುಸ್ತಕ ನೋಡುವುದಿಲ್ಲ. ಈ ಸೀಮೆಯ ಬಿಸಿಲೆಷ್ಟು, ಚಳಿಯೆಷ್ಟು ಎಂಬ ಅಂದಾಜು ಕೈಗೇ ಗೊತ್ತಿದೆ.

ತೋಟದ ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿ ಸೇತುವೆಯೂ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅಲ್ಲಿ ಕೈಯಂದಾಜು ನಡೆಯುವುದಿಲ್ಲ. ಎಷ್ಟು ಡಿಗ್ರಿಗೆ ಎಷ್ಟು ಜಾಗ ಬಿಡಬೇಕೆಂದು ಸಂಹಿತೆ ಹೇಳುತ್ತದೆ, ಎಂಜಿನಿಯರ್ ಅದನ್ನು ಪಾಲಿಸುತ್ತಾನೆ. ಆ ಸಂಹಿತೆಯೊಳಗಿನ ಬಿಸಿಲು ಯಾವ ಕಾಲದ್ದು ಎಂದು ಕೇಳುವ ಹೊತ್ತು ಈಗ ಬಂದಿದೆ.

ಕೆ.ಬಿ. ಕ್ರಾಸ್ ಎಂದೇ ಎಲ್ಲರ ಬಾಯಲ್ಲಿರುವ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಒಂದು ತುಮಕೂರಿನಿಂದ ತಿಪಟೂರಿನ ಮೇಲೆ ಶಿವಮೊಗ್ಗಕ್ಕೆ ಹೋಗುವುದು. ಇನ್ನೊಂದು ಜೇವರ್ಗಿಯಿಂದ ಚಾಮರಾಜನಗರಕ್ಕೆ ಇಳಿಯುವ 150ಎ. ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ತುರುವೇಕೆರೆ ಕಡೆಗೆ ದಾಟುತ್ತದೆ. ದಕ್ಷಿಣಕ್ಕೆ ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ, ತಿಪಟೂರು ಸ್ಟೇಷನ್ನುಗಳನ್ನು ಪೋಣಿಸಿಕೊಂಡು ಬೆಂಗಳೂರು–ಅರಸೀಕೆರೆ ರೈಲು ಮಾರ್ಗ. ತೋಟಗಳ ನಡುವೆ ಹೇಮಾವತಿ ನಾಲೆ, ಅದರ ಮೇಲೆ ಸಣ್ಣ ಸೇತುವೆಗಳು. ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ. ಇವುಗಳ ಜೊತೆಗೆ ಪ್ರತಿ ಊರಲ್ಲೂ ಹೆಂಚು ಇಳಿಸಿ ಮೋಲ್ಡು ಹಾಕಿಸಿದ ಮನೆಗಳು, ಕಾಯಿ ಅಟ್ಟದ ಮೇಲಿನ ತಗಡಿನ ಶೀಟುಗಳು. ಉಷ್ಣಾಂಶದ ಲೆಕ್ಕ ಬೇಕಾದ ಎಲ್ಲ ಬಗೆಯ ಕಟ್ಟಡವೂ ಈ ಒಂದು ಹೋಬಳಿಯ ಸುತ್ತಮುತ್ತಲೇ ಸಿಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಸೇತುವೆಗಳ ಮೇಲಿನ ಭಾರಗಳನ್ನು ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 6 ಸಂಹಿತೆ, ಕಾಂಕ್ರೀಟಿಗೂ ಉಕ್ಕಿಗೂ ಒಂದೇ ಅಂಕಿ ಕೊಡುತ್ತದೆ: ಪ್ರತಿ ಡಿಗ್ರಿಗೆ, ಉದ್ದದ 10 ಲಕ್ಷದಲ್ಲಿ 12 ಪಾಲು. 30 ಮೀಟರಿನ ಒಂದು ತೊಲೆ ಒಂದು ಡಿಗ್ರಿಗೆ 0.36 ಮಿಲಿಮೀಟರ್ ಹಿಗ್ಗುತ್ತದೆ. 40 ಡಿಗ್ರಿಯ ಏರಿಳಿತಕ್ಕೆ 14 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಎರಡೂ ವಸ್ತುಗಳು ಸರಿಸುಮಾರು ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದಲೇ ಕಾಂಕ್ರೀಟಿನೊಳಗೆ ಕಂಬಿ ಇಟ್ಟು ಕಟ್ಟುವುದು ಸಾಧ್ಯವಾಗಿದೆ. ಇಲ್ಲದಿದ್ದರೆ ಒಂದು ಬೇಸಿಗೆಯಲ್ಲೇ ಎರಡೂ ಬೇರೆಬೇರೆಯಾಗುತ್ತಿದ್ದವು. ಸೂಕ್ಷ್ಮವಾಗಿ ನೋಡಿದರೆ ಕಾಂಕ್ರೀಟಿನ ಹಿಗ್ಗುವಿಕೆ ಅದರೊಳಗಿನ ಜಲ್ಲಿಯನ್ನು ಅವಲಂಬಿಸಿದೆ. ಐಎಸ್ 456ರ ಪ್ರಕಾರ ಗ್ರಾನೈಟ್ ಜಲ್ಲಿಯ ಕಾಂಕ್ರೀಟಿಗೆ ಈ ಅಂಕಿ 7ರಿಂದ 9.5, ಬೆಣಚುಕಲ್ಲಿನದಕ್ಕೆ 12ರಿಂದ 13.

ಹಿಗ್ಗಲು ಕುಗ್ಗಲು ಜಾಗವಿದ್ದರೆ ತೊಂದರೆಯೇ ಇಲ್ಲ. ಜಾಗವಿಲ್ಲದಿದ್ದಾಗ ಒಳಗೆ ಒತ್ತಡ ಹುಟ್ಟುತ್ತದೆ. ಎಂ 25 ದರ್ಜೆಯ ಕಾಂಕ್ರೀಟನ್ನು ಎರಡೂ ಕಡೆ ಅಲುಗಾಡದಂತೆ ಹಿಡಿದಿಟ್ಟು ತಣ್ಣಗಾಗಲು ಬಿಟ್ಟರೆ, ಸುಮಾರು 12 ಡಿಗ್ರಿ ಇಳಿಯುವಷ್ಟರಲ್ಲಿ ಅದು ತಡೆಯಬಲ್ಲ ಎಳೆತ ಮುಗಿದು ಬಿರುಕು ಬಿಡುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ನಡುವೆ ಅಷ್ಟು ಡಿಗ್ರಿ ವ್ಯತ್ಯಾಸ ಒಂದೇ ದಿನದಲ್ಲಿ ಕಾಣುತ್ತದೆ. ನಿಜವಾದ ಕಟ್ಟಡವನ್ನು ಯಾರೂ ಹಾಗೆ ಪೂರ್ತಿ ಬಿಗಿದಿಟ್ಟಿರುವುದಿಲ್ಲ, ಅದರಿಂದ ಬದುಕಿದ್ದೇವೆ.

ಇದು ಜನರ ಕಣ್ಣಿಗೆ ಮೊದಲು ಬೀಳುವುದು ಮನೆಯಲ್ಲಿ. ಮೋಲ್ಡು ಹಾಕಿ ಎರಡು ಬೇಸಿಗೆ ಕಳೆದ ಮೇಲೆ ಪಶ್ಚಿಮದ ಗೋಡೆಯಲ್ಲಿ, ಮೋಲ್ಡಿನ ಅಡಿಗೆ, ಸಜ್ಜೆಯಿಂದ ಮೇಲೆ ಒಂದು ಅಡ್ಡ ಬಿರುಕು ನೇರವಾಗಿ ಎಳೆದಂತೆ ಕಾಣಿಸಿಕೊಳ್ಳುತ್ತದೆ. ಯಜಮಾನರಿಗೆ ಎದೆ ಧಸಕ್ಕೆನ್ನುತ್ತದೆ. ‘ಪಾಯ ಕುಸ್ದೈತೇನಪ್ಪ ಮೇಸ್ತ್ರಿ?’ ಎಂದು ಕೇಳುತ್ತಾರೆ. ಅನುಭವಸ್ಥ ಮೇಸ್ತ್ರಿ ಬಿರುಕಿಗೆ ಉಗುರು ತೂರಿಸಿ ನೋಡಿ, ‘ಪಾಯಕ್ಕೇನೂ ಆಗಿಲ್ಲ ಗೌಡ್ರೆ, ಬಿಸ್ಲಿಗೆ ಮೋಲ್ಡು ಎಳ್ದೈತೆ’ ಎನ್ನುತ್ತಾನೆ. ಅವನ ಮಾತು ಅಕ್ಷರಶಃ ಸರಿ. ಮೋಲ್ಡಿನ ಮೇಲ್ಮೈ ಇಡೀ ದಿನ ಬಿಸಿಲು ಕುಡಿಯುತ್ತದೆ. ಕೆಳಗಿನ ಗೋಡೆ ಅಷ್ಟು ಕಾಯುವುದಿಲ್ಲ. ಜೊತೆಗೆ ಇಟ್ಟಿಗೆ ಗೋಡೆ ಹಿಗ್ಗುವ ಪ್ರಮಾಣ ಕಾಂಕ್ರೀಟಿನ ಅರ್ಧದಷ್ಟು. 12 ಮೀಟರ್ ಉದ್ದದ ಮೋಲ್ಡು 30 ಡಿಗ್ರಿ ಏರಿದಾಗ ಮೂರರಿಂದ ನಾಲ್ಕು ಮಿಲಿಮೀಟರ್ ಜರುಗುತ್ತದೆ, ಗೋಡೆ ಅದರ ಜೊತೆ ಹೋಗಲಾರದೆ ಸೀಳುತ್ತದೆ. ಸಿಮೆಂಟು ಮೆತ್ತಿ ಮುಚ್ಚಿದರೆ ಮುಂದಿನ ಯುಗಾದಿ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ, ಏಕೆಂದರೆ ಅಲ್ಲಿ ಕೊರತೆಯಿರುವುದು ಸಿಮೆಂಟಿನದಲ್ಲ, ಜರುಗುವ ಜಾಗದ್ದು.

ಇದಕ್ಕೆ ಪರಿಹಾರ 1984ರಿಂದಲೇ ಪುಸ್ತಕದಲ್ಲಿದೆ. ಕಟ್ಟಡಗಳ ಬಿರುಕುಗಳ ಕಾರಣ, ತಡೆ ಎರಡನ್ನೂ ವಿವರಿಸುವ ಎಸ್‌ಪಿ 25 ಎಂಬ ಕೈಪಿಡಿಯನ್ನು ಭಾರತೀಯ ಮಾನಕ ಸಂಸ್ಥೆ ಆ ವರ್ಷ ಹೊರತಂದಿತು. ಗೋಡೆಯ ತಲೆಯನ್ನು ಗಾರೆಯಿಂದ ನಯ ಮಾಡಿ, ಅದರ ಮೇಲೆ ಟಾರ್ ಹಾಳೆಯಂಥದ್ದನ್ನು ಹಾಸಿ ಆಮೇಲೆ ಮೋಲ್ಡು ಹಾಕಿದರೆ ಅದು ಗೋಡೆಯ ಮೇಲೆ ಜಾರುತ್ತದೆ, ಗೋಡೆಯನ್ನು ಎಳೆದೊಯ್ಯುವುದಿಲ್ಲ. ಮೇಲೆ ಸುರ್ಕಿ ಪದರವೋ ಬಿಳಿ ಟೈಲ್ಸೋ ಹಾಕಿದರೂ, ಕೊನೆಗೆ ಬರೀ ಸುಣ್ಣ ಬಳಿದರೂ ಮೋಲ್ಡು ಕಾಯುವುದು ಎಷ್ಟೋ ತಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ ತಿಪಟೂರು, ತುರುವೇಕೆರೆ ತಾಲ್ಲೂಕುಗಳ ಪ್ರತಿ ಗಾರೆ ಮೇಸ್ತ್ರಿಗೂ ಈ ಕೈಪಿಡಿಯ ಹತ್ತು ಪುಟಗಳನ್ನು ಚಿತ್ರಸಮೇತ ಕನ್ನಡದಲ್ಲಿ ತಲುಪಿಸಿದರೆ, ದೊಡ್ಡ ಸಂಶೋಧನೆಗಳಿಂದ ಆಗದಷ್ಟು ಉಪಕಾರವಾಗುತ್ತದೆ.

ಕಾಯಿ ಅಟ್ಟದ ಕಥೆ ಇನ್ನೂ ಸೂಕ್ಷ್ಮ. ಉಂಡೆ ಕೊಬ್ಬರಿಗೆ ಕಾಯನ್ನು ಎಂಟು ತಿಂಗಳಿಂದ ವರ್ಷದ ಹತ್ತಿರದವರೆಗೆ ಅಟ್ಟದಲ್ಲಿ ಒಣಗಲು ಬಿಡಬೇಕು. ಮೇಲೆ ಹೆಂಚಿದ್ದ ಕಾಲದಲ್ಲಿ ಒಂದೊಂದು ಹೆಂಚೂ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತಿತ್ತು. ತಗಡಿನ ಶೀಟು ಹಾಗಲ್ಲ. ಆರು ಮೀಟರಿನ ಶೀಟು 40 ಡಿಗ್ರಿ ಏರಿಳಿತಕ್ಕೆ ಸುಮಾರು ಮೂರು ಮಿಲಿಮೀಟರ್ ಅತ್ತಿತ್ತ ಆಗುತ್ತದೆ. ಅಲ್ಯೂಮಿನಿಯಮ್ಮಿನದಾದರೆ ಅದರ ಎರಡರಷ್ಟು ಹತ್ತಿರ. ಸಂಜೆ ಹೊತ್ತು ಅಟ್ಟದ ಕೆಳಗೆ ನಿಂತರೆ ತಣ್ಣಗಾಗುತ್ತಿರುವ ಶೀಟುಗಳು ಟಕ್ ಟಕ್ ಎನ್ನುವುದು ಕೇಳುತ್ತದೆ. ಜೆ ಹುಕ್ಕಿನ ಬೋಲ್ಟನ್ನು ಬಿಗಿಯಾದ ತೂತಿನಲ್ಲಿ ಇಳಿಸಿದ್ದರೆ ದಿನವೂ ಆಗುವ ಈ ಎಳೆದಾಟದಲ್ಲಿ ತೂತು ಅಗಲವಾಗಿ, ವಾಷರು ಸವೆದು, ಮಳೆಗಾಲದಲ್ಲಿ ಕಾಯಿಯ ಮೇಲೆ ನೀರು ಸೋರುತ್ತದೆ. ವರ್ಷದ ಬೆಳೆಗೆ ಬೂಸ್ಟು ಹಿಡಿಯಲು ಅಷ್ಟು ಸಾಕು.

ಹಳಬರ ಕಟ್ಟಡಗಳಲ್ಲಿ ಈ ಜಾಗ ತಾನಾಗಿಯೇ ಇತ್ತು. ಅರಳಗುಪ್ಪೆಯಲ್ಲಿ ನೊಳಂಬರ ಕಾಲದ ಕಲ್ಲೇಶ್ವರ ಗುಡಿಯೂ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯೂ ಇವೆ. ಕಲ್ಲಿನ ಮೇಲೆ ಕಲ್ಲು ಕೂರಿಸಿ ಎಬ್ಬಿಸಿದ ಗುಡಿಯಲ್ಲಿ ಪ್ರತಿ ಸಂದೂ ಒಂದು ಜಾಯಿಂಟು. ಇಡೀ ಕಟ್ಟಡದ ಹಿಗ್ಗುವಿಕೆ ನೂರಾರು ಸಂದುಗಳಿಗೆ ಹಂಚಿಹೋಗುತ್ತದೆ, ಒಂದೊಂದರ ಪಾಲಿಗೆ ಬರುವುದು ಕೂದಲೆಳೆಯಷ್ಟು. ಸುಣ್ಣದ ಗಾರೆಯೂ ಸ್ವಲ್ಪ ಬಗ್ಗುವ ಗುಣದ್ದು. ಸಿಮೆಂಟು ಬಂದ ಮೇಲೆ ಉದ್ದುದ್ದದ ಒಂದೇ ತುಂಡಿನ ಕಟ್ಟಡಗಳು ಬಂದವು; ಜಾಗವನ್ನು ನಾವೇ ಲೆಕ್ಕ ಹಾಕಿ ಬಿಡಬೇಕಾಯಿತು. 45 ಮೀಟರಿಗಿಂತ ಉದ್ದದ ಕಟ್ಟಡಕ್ಕೆ ಎಕ್ಸ್‌ಪಾನ್ಷನ್ ಜಾಯಿಂಟು ಕೊಡಬೇಕೆಂಬ ಐಎಸ್ 456ರ ಮಾತು ಹುಟ್ಟಿದ್ದು ಹೀಗೆ.

ರೈಲು ಹಳಿಯಲ್ಲಂತೂ ಆ ಜಾಗವನ್ನೇ ತೆಗೆದುಹಾಕಿದ್ದಾರೆ, ಅದಕ್ಕೇ ಅಲ್ಲಿ ಉಷ್ಣಾಂಶದ ಒಂದು ಅಂಕಿಗೆ ಇನ್ನಿಲ್ಲದ ಬೆಲೆ. ಮೊದಲು ಹಳಿಯ ತುಂಡುಗಳ ನಡುವೆ ಸಂದು ಬಿಟ್ಟು ಫಿಷ್‌ಪ್ಲೇಟಿನಲ್ಲಿ ಸೇರಿಸುತ್ತಿದ್ದರು. ಗಾಡಿ ಹೋಗುವಾಗ ಕೇಳುತ್ತಿದ್ದ ಸದ್ದು ಆ ಸಂದಿನದು. ಈಗ ಹಳಿಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ತುಂಡು ಮಾಡಿದ್ದಾರೆ. ಪ್ರಯಾಣ ನಯವಾಯಿತು, ಸವೆತ ಕಡಿಮೆಯಾಯಿತು. ಆದರೆ ಉಕ್ಕು ಹಿಗ್ಗುವುದನ್ನು ಬಿಟ್ಟಿಲ್ಲ. ಹಿಗ್ಗಲಾಗದ, ಮೀಟರಿಗೆ 60 ಕಿಲೋ ತೂಕದ ಹಳಿಯೊಂದರಲ್ಲಿ ಪ್ರತಿ ಡಿಗ್ರಿಗೆ ಸುಮಾರು 1.9 ಟನ್ ಒತ್ತಡ ಶೇಖರವಾಗುತ್ತದೆ. 30 ಡಿಗ್ರಿ ಏರಿದರೆ ಒಂದು ಹಳಿಯಲ್ಲಿ 57 ಟನ್, ಜೋಡಿಯಲ್ಲಿ 114 ಟನ್. ಇದನ್ನೆಲ್ಲ ಹಿಡಿದಿಟ್ಟಿರುವುದು ಸ್ಲೀಪರು ಮತ್ತು ಅದರ ಸುತ್ತ ತುಂಬಿದ ಜಲ್ಲಿ. ಜಲ್ಲಿ ಸಡಿಲವಾದ ಕಡೆ ಹಳಿ ಪಕ್ಕಕ್ಕೆ ಬಾಗಿ ಹೊರಬರುತ್ತದೆ.

ಹಾಗಾಗಿ ಹಳಿಯನ್ನು ಬಿಗಿಯುವಾಗ ಒಂದು ಉಷ್ಣಾಂಶ ನಿಗದಿಯಾಗುತ್ತದೆ. ಆ ಉಷ್ಣಾಂಶದಲ್ಲಿ ಹಳಿಯೊಳಗೆ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಅದನ್ನು ನಿರ್ಧರಿಸುವುದು ಆ ಪ್ರದೇಶದಲ್ಲಿ ಹಳಿ ಮುಟ್ಟಬಹುದಾದ ಗರಿಷ್ಠ, ಕನಿಷ್ಠ ಉಷ್ಣಾಂಶಗಳ ಸರಾಸರಿಯ ಮೇಲೆ. ದೇಶವನ್ನು ಇದಕ್ಕಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ. ಹಳಿಯ ಉಷ್ಣಾಂಶ ಈ ನಿಗದಿತ ಅಂಕಿಗಿಂತ 20 ಡಿಗ್ರಿ ಮೇಲೆ ಹೋದರೆ ಬಿಸಿಲ ಗಸ್ತು ಶುರುವಾಗಬೇಕು. ಅಂಕಿ 38 ಎಂದಿಟ್ಟುಕೊಂಡರೆ, ಹಳಿ 58 ದಾಟಿದ ಕೂಡಲೇ ಟ್ರ್ಯಾಕ್‌ಮನ್ ಕೆಂಪು ಬಾವುಟ ಹಿಡಿದು ನಡುಮಧ್ಯಾಹ್ನ ಹಳಿಗುಂಟ ನಡೆಯಬೇಕು. ಗಾಳಿಯ ಉಷ್ಣಾಂಶ 38 ಇದ್ದ ದಿನ ಬಿಸಿಲಿಗೆ ಬಿದ್ದ ಹಳಿ ಅದಕ್ಕಿಂತ 15–20 ಡಿಗ್ರಿ ಹೆಚ್ಚು ಕಾದಿರುತ್ತದೆ ಎಂಬುದನ್ನು ನೆನಪಿಡಿ. ಬೇಸಿಗೆ ಎರಡು ಡಿಗ್ರಿ ಏರಿದರೆ ಉಕ್ಕಿಗೆ ಅದು ನಾಲ್ಕು ಟನ್ನಿಗೆ ಸ್ವಲ್ಪ ಕಡಿಮೆ. ಆ ಮನುಷ್ಯನಿಗೆ ಬಿಸಿಲಲ್ಲಿ ನಡೆಯುವ ದಿನಗಳ ಸಂಖ್ಯೆಯೇ ಹೆಚ್ಚಾಗುತ್ತದೆ. ಮಾನದಂಡ ಪರಿಷ್ಕರಿಸಿ ಎಂದು ಒತ್ತಾಯಿಸುವಾಗ ನನ್ನ ಮನಸ್ಸಿನಲ್ಲಿ ಮೊದಲು ಬರುವುದು ಕರಡಿ–ಬಾಣಸಂದ್ರ ನಡುವೆ ಹೀಗೆ ನಡೆಯುವವರು.

ಬ್ರಿಟನ್ನಿನಲ್ಲಿ ಈ ನಿಗದಿತ ಉಷ್ಣಾಂಶ 27 ಡಿಗ್ರಿ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ ಗಾಳಿಯ ಉಷ್ಣಾಂಶವೇ 40.3 ಮುಟ್ಟಿತು. ರೈಲುಗಳ ವೇಗ ತಗ್ಗಿಸಿದರು, ಕೆಲವು ಮಾರ್ಗ ನಿಲ್ಲಿಸಿದರು. ಅದರ ಹಿಂದಿನ ದಿನವೇ ಲೂಟನ್ ವಿಮಾನ ನಿಲ್ದಾಣದ ರನ್‌ವೇ ಉಬ್ಬಿತ್ತು. ಲಂಡನ್ನಿನ ಹಳೆಯ ಹ್ಯಾಮರ್‌ಸ್ಮಿತ್ ತೂಗುಸೇತುವೆಯ ಸರಪಳಿಗಳಿಗೆ ಬೆಳ್ಳಿ ಬಣ್ಣದ ಹಾಳೆ ಸುತ್ತಿ ಬಿಸಿಲಿನಿಂದ ಕಾಪಾಡಿದರು. ನಮಗೆ 40 ಡಿಗ್ರಿ ಅಪರೂಪವಲ್ಲ, ಅವರಿಗೇಕೆ ಅಷ್ಟು ಗಾಬರಿ ಎಂದು ಆಗ ಹಲವರು ಕೇಳಿದ್ದರು. ಕಟ್ಟಡಕ್ಕೆ 40 ಎಂಬುದು ದೊಡ್ಡ ಅಂಕಿಯೂ ಅಲ್ಲ, ಸಣ್ಣದೂ ಅಲ್ಲ. ಯಾವ ಅಂಕಿಗೆ ಕಟ್ಟಿದ್ದಾರೋ ಅದಕ್ಕಿಂತ ಎಷ್ಟು ಆಚೆ ಹೋಯಿತು ಎಂಬುದೇ ಲೆಕ್ಕ.

ಕಿಬ್ಬನಹಳ್ಳಿಗೆ ಯಾವ ಅಂಕಿ? ಕಟ್ಟಡಗಳಿಗೆ ಅದು ಸಿಗುವುದು ಐಎಸ್ 875ರ ಭಾಗ 5ರಲ್ಲಿ. ಅದರಲ್ಲಿ ಇಡೀ ದೇಶದ ಎರಡು ನಕ್ಷೆಗಳಿವೆ: ಒಂದರಲ್ಲಿ ಗರಿಷ್ಠ ಉಷ್ಣಾಂಶ, ಇನ್ನೊಂದರಲ್ಲಿ ಕನಿಷ್ಠ. ಸಮಾನ ಉಷ್ಣಾಂಶದ ಊರುಗಳನ್ನು ಕೂಡಿಸುವ ಗೆರೆಗಳು. ಎಂಜಿನಿಯರ್ ತನ್ನ ಊರು ಯಾವ ಎರಡು ಗೆರೆಗಳ ನಡುವೆ ಬರುತ್ತದೆಂದು ನೋಡಿ ಅಂಕಿ ತೆಗೆದುಕೊಳ್ಳುತ್ತಾನೆ. ಈ ಭಾಗ ಪ್ರಕಟವಾದದ್ದು 1987ರಲ್ಲಿ. ಅದೇ ಸಂಹಿತೆಯ ಗಾಳಿಯ ಭಾಗ 2015ರಲ್ಲಿ ಪರಿಷ್ಕೃತವಾಯಿತು. ಭೂಕಂಪದ ಐಎಸ್ 1893 ಹಲವು ಸಲ ಹೊಸದಾಯಿತು. ಉಷ್ಣಾಂಶದ ಭಾಗ ಮಾತ್ರ 1987ರ ಪುಸ್ತಕವಾಗಿಯೇ ಬಳಕೆಯಲ್ಲಿ ಮುಂದುವರಿದು ಬಂತು. ಗಾಳಿಗೆ ಕಟ್ಟಡ ಬೀಳುತ್ತದೆ, ಭೂಕಂಪಕ್ಕೆ ಬೀಳುತ್ತದೆ. ಬಿಸಿಲಿಗೆ ಬಿರುಕು ಬಿಡುತ್ತದೆ ಅಷ್ಟೆ. ಯಾವುದಕ್ಕೆ ಜನ ಸಾಯುವುದಿಲ್ಲವೋ ಆ ಪುಟ ಹಳೆಯದಾಗಿಯೇ ಉಳಿದುಕೊಳ್ಳುತ್ತದೆ.

ಸೇತುವೆಗಳ ಐಆರ್‌ಸಿ 6 ಅಷ್ಟು ಹಳೆಯದಲ್ಲ, 2017ರ ಆವೃತ್ತಿಯಿದೆ. ಅದೂ ನಕ್ಷೆಯನ್ನೇ ನೆಚ್ಚುತ್ತದೆ. ಉದಾಹರಣೆಗೆ ಒಂದು ಊರಿನ ಗರಿಷ್ಠ 42, ಕನಿಷ್ಠ 8 ಎಂದಿಟ್ಟುಕೊಳ್ಳೋಣ. ಉಕ್ಕಿನ ಸೇತುವೆಗೆ ಗರಿಷ್ಠಕ್ಕೆ 15 ಕೂಡಿಸಿ, ಕನಿಷ್ಠದಿಂದ 10 ಕಳೆಯಬೇಕು: 57ರಿಂದ ಸೊನ್ನೆಗಿಂತ 2 ಕೆಳಗಿನವರೆಗೆ, ಒಟ್ಟು 59 ಡಿಗ್ರಿಯ ಹರವು. 40 ಮೀಟರ್ ಉಕ್ಕಿನ ತೊಲೆಗೆ ಇದು 28 ಮಿಲಿಮೀಟರ್ ಓಡಾಟ. ಕಾಂಕ್ರೀಟ್ ಸೇತುವೆಯಲ್ಲಿ, ಅದು ಕಟ್ಟಿ ಬಿಗಿಯಾದ ದಿನದ ಉಷ್ಣಾಂಶವನ್ನು ಸರಾಸರಿಗಿಂತ 10 ಹೆಚ್ಚು ಅಥವಾ 10 ಕಡಿಮೆ ಎಂದು ಎರಡೂ ರೀತಿ ಹಿಡಿದು, ಯಾವುದು ಹೆಚ್ಚು ಕಷ್ಟವೋ ಅದಕ್ಕೆ ಲೆಕ್ಕ ಮಾಡಬೇಕು. ಮೇಲಿನ ಉದಾಹರಣೆಯಲ್ಲಿ ಸರಾಸರಿ 25. ಹಾಗಾಗಿ 15 ಮತ್ತು 35. ಇದರ ಮೇಲೆ, ಬಿಸಿಲಿಗೆ ಬಿದ್ದ ಮೇಲ್ಮೈಗೂ ನೆರಳಲ್ಲಿರುವ ಒಳಭಾಗಕ್ಕೂ 17.8 ಡಿಗ್ರಿಯವರೆಗಿನ ವ್ಯತ್ಯಾಸ ಹಿಡಿಯಬೇಕು, ಅದು ದೇಶಕ್ಕೆಲ್ಲ ಒಂದೇ. ಈ ವ್ಯತ್ಯಾಸ ಗಾಳಿಯ ಬಿಸಿಗಿಂತ ನೇರ ಬಿಸಿಲನ್ನು ಅವಲಂಬಿಸಿದ್ದು, ಆದ್ದರಿಂದ ಹವಾಮಾನ ಬದಲಾದಂತೆ ಇದು ಅಷ್ಟಾಗಿ ಬದಲಾಗಲಿಕ್ಕಿಲ್ಲ.

ಇಷ್ಟನ್ನೂ ನೋಡಿದ ಮೇಲೆ ಪ್ರಾಮಾಣಿಕವಾಗಿ ಒಂದು ಮಾತು ಹೇಳಲೇಬೇಕು. ಗರಿಷ್ಠ ಉಷ್ಣಾಂಶ ಎರಡು ಡಿಗ್ರಿ ಏರಿದರೆ ಆ 40 ಮೀಟರ್ ತೊಲೆಗೆ ಸೇರುವುದು ಒಂದೇ ಒಂದು ಮಿಲಿಮೀಟರ್. ಅದರಿಂದ ಯಾವ ಸೇತುವೆಯೂ ಬೀಳುವುದಿಲ್ಲ. ಹೀಗಿರುವಾಗ ಮಾನದಂಡ ಏಕೆ ಬದಲಾಗಬೇಕು ಎಂದು ಕೇಳುವ ಎಂಜಿನಿಯರುಗಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ, ಸರಾಸರಿಯ ಮೇಲೂ ಕೆಳಗೂ ಹಿಡಿಯುವ ಆ 10 ಡಿಗ್ರಿಯ ಮುಡಿಪಿನಲ್ಲಿದೆ. ತೊಲೆ ಜರುಗಲೆಂದು ಅದರಡಿ ಇಡುವ ಬೇರಿಂಗು ಕೂರಿಸಿದ್ದು ಯಾವ ತಿಂಗಳಲ್ಲಿ, ಜಾಯಿಂಟು ಬಿಟ್ಟವನು ಟೇಪು ಎಷ್ಟು ಸರಿಯಾಗಿ ಹಿಡಿದ, ಸಂದಿನಲ್ಲಿ ಮಣ್ಣು ತುಂಬಿಕೊಂಡಿತೇ ಎಂಬಂಥ ಅನಿಶ್ಚಯಗಳನ್ನು ಹೊರಲೆಂದು ಆ ಮುಡಿಪು ಇದೆ. ಹವಾಮಾನ ಅದರಲ್ಲಿ ಎರಡು ಮೂರು ಡಿಗ್ರಿ ಸದ್ದಿಲ್ಲದೆ ತಿಂದರೆ, ಕೆಲಸದ ತಪ್ಪುಗಳಿಗೆ ಉಳಿಯುವುದು ಅಷ್ಟು ಕಡಿಮೆ. ಹೆದ್ದಾರಿಯ ಸೇತುವೆಗಳ ಜಾಯಿಂಟಿನೊಳಗೆ ಕಲ್ಲು, ಮಣ್ಣು ಗಟ್ಟಿಯಾಗಿ ಕೂತಿರುವುದನ್ನು ಬಗ್ಗಿ ನೋಡಿದವರಿಗೆ ಈ ಮುಡಿಪು ಎಷ್ಟು ಅಗತ್ಯ ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ: ಬೇಸಿಗೆ ಮಾತ್ರವಲ್ಲ, ಚಳಿಗಾಲದ ರಾತ್ರಿಗಳೂ ಬೆಚ್ಚಗಾಗುತ್ತಿವೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಹವಾಮಾನ ಮೌಲ್ಯಮಾಪನದ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1986ರಿಂದ 2015ರ 30 ವರ್ಷಗಳಲ್ಲಿ, ವರ್ಷದ ಅತಿ ಬಿಸಿಯ ಹಗಲು 0.63 ಡಿಗ್ರಿ, ಅತಿ ತಣ್ಣನೆಯ ರಾತ್ರಿ 0.4 ಡಿಗ್ರಿ ಏರಿವೆ. ಹೊಗೆ ಉಗುಳುವುದು ತಗ್ಗದೇ ಹೋದರೆ ಶತಮಾನದ ಕೊನೆಗೆ ಇವೆರಡೂ 4.7 ಮತ್ತು 5.5 ಡಿಗ್ರಿ ಏರಬಹುದೆಂದು ಅದೇ ವರದಿ ಅಂದಾಜಿಸುತ್ತದೆ. ಅಂದರೆ ಹರವು ಅಗಲವಾಗುವುದಕ್ಕಿಂತ ಹೆಚ್ಚಾಗಿ ಇಡೀ ಹರವೇ ಮೇಲಕ್ಕೆ ಸರಿಯುತ್ತದೆ. ಹಳೆಯ ಸರಾಸರಿಗೆ ನಡುವಿನಲ್ಲಿ ಕೂರಿಸಿದ ಬೇರಿಂಗು ಆಗ ವರ್ಷದ ಬಹುಪಾಲು ಒಂದೇ ಕಡೆಗೆ ವಾಲಿ ನಿಂತಿರುತ್ತದೆ. ಬೆಸೆದ ಹಳಿಗೂ ಇದೇ ಗತಿ. ಗರಿಷ್ಠವೊಂದನ್ನು ತಿದ್ದಿ ಕೈತೊಳೆದುಕೊಂಡರೆ ಸಾಲದು, ಎರಡೂ ನಕ್ಷೆಗಳು ಒಟ್ಟಿಗೆ ಹೊಸದಾಗಬೇಕು ಎನ್ನುವುದು ಈ ಕಾರಣಕ್ಕೆ.

‘ಈವರೆಗಿನ ಅತಿ ಹೆಚ್ಚು’ ಎಂಬ ಅಳತೆಯೇ ನನಗೆ ಸಮಾಧಾನ ತರುವುದಿಲ್ಲ. ಬೆಂಗಳೂರಿನಲ್ಲಿ 1931ರ ದಾಖಲೆ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯೊಂದಿಗೆ ಮುರಿಯಿತು. ಅದೇ ವರ್ಷ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ 51 ಡಿಗ್ರಿ; 1956ರಲ್ಲಿ ಅಲ್ವರ್‌ನಲ್ಲಿ ದಾಖಲಾಗಿದ್ದ 50.6 ಹಿಂದೆ ಬಿತ್ತು. ದಾಖಲೆ ಎಂಬುದು ಮೇಲ್ಮಿತಿಯಲ್ಲ, ಅಲ್ಲಿಯವರೆಗೆ ನೋಡಿದ್ದರ ಕೊನೆ ಅಷ್ಟೆ. ಯೂರೋಪಿನ ಯೂರೋಕೋಡ್ ಇದನ್ನು ಸಂಭವನೀಯತೆಯ ಲೆಕ್ಕದಲ್ಲಿ ಹಿಡಿಯುತ್ತದೆ: ಯಾವುದೇ ಒಂದು ವರ್ಷದಲ್ಲಿ ಮೀರುವ ಸಾಧ್ಯತೆ ನೂರಕ್ಕೆ 2ರಷ್ಟಿರುವ ಉಷ್ಣಾಂಶ. ಆ ಲೆಕ್ಕದಲ್ಲೂ 100 ವರ್ಷ ನಿಲ್ಲುವ ಸೇತುವೆ ತನ್ನ ಜೀವಿತದಲ್ಲಿ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ನೂರಕ್ಕೆ 87. ಅದೂ ಹವಾಮಾನ ಬದಲಾಗದೇ ಇದ್ದರೆ. ನಮ್ಮ ಐಆರ್‌ಸಿ 112 ಕಾಂಕ್ರೀಟ್ ಸೇತುವೆಗೆ ಹೇಳುವ ಆಯಸ್ಸೂ 100 ವರ್ಷವೇ. ತುಮಕೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಈಗ ಕಟ್ಟಿದ ಸೇತುವೆ 2120ರ ಬೇಸಿಗೆಯನ್ನೂ ನೋಡಬೇಕು.

ಕೆನಡಾ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿನ ಪರಿಸರ ಮತ್ತು ಹವಾಮಾನ ಇಲಾಖೆ 2020ರಲ್ಲಿ, ಜಗತ್ತು ಅರ್ಧರ್ಧ ಡಿಗ್ರಿ ಬಿಸಿಯೇರಿದಂತೆ ಕಟ್ಟಡ ಮತ್ತು ಸೇತುವೆಗಳ ವಿನ್ಯಾಸದ ಅಂಕಿಗಳು ಎಷ್ಟೆಷ್ಟು ಬದಲಾಗುತ್ತವೆಂದು ಲೆಕ್ಕ ಹಾಕಿ ಪ್ರಕಟಿಸಿತು. ಮರುವರ್ಷ ಜೂನ್ 29ರಂದು ಅದೇ ದೇಶದ ಲಿಟ್ಟನ್ ಎಂಬ ಸಣ್ಣ ಊರಿನಲ್ಲಿ 49.6 ಡಿಗ್ರಿ ದಾಖಲಾಯಿತು.

ನಮ್ಮಲ್ಲಿ ಅಂಕಿಗಳ ಬರವಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1987ರ ನಕ್ಷೆಯ ಕಾಲಕ್ಕೆ ಕಿಬ್ಬನಹಳ್ಳಿ ಎರಡು ಗೆರೆಗಳ ನಡುವಿನ ಬಿಳಿ ಜಾಗ. ದೂರದ ವೀಕ್ಷಣಾಲಯಗಳಿಂದ ಊಹಿಸಬೇಕಾದ ಊರು. ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲೇ ಟೆಲಿಮೆಟ್ರಿಕ್ ಹವಾಮಾನ ಕೇಂದ್ರಗಳನ್ನು ನಡೆಸುತ್ತಿದೆ. ಕಿಬ್ಬನಹಳ್ಳಿಯೂ ಒಂದು ಹೋಬಳಿ. ರೈತನಿಗೆ ಮಳೆ ಹೇಳಲು, ಬೆಳೆ ವಿಮೆ ತೀರ್ಮಾನಿಸಲು ಈ ಜಾಲ ಬಳಕೆಯಾಗುತ್ತಿದೆ. ಸೇತುವೆ ವಿನ್ಯಾಸಕ್ಕೆ ಮಾತ್ರ ಇನ್ನೂ ದೇಶದ ನಕ್ಷೆಯ ಮೇಲೆ ಸ್ಕೇಲು ಇಡುತ್ತಿದ್ದೇವೆ. ಹೋಬಳಿ ಕೇಂದ್ರಗಳ ದಾಖಲೆ ಚಿಕ್ಕದು, ಐವತ್ತು ವರ್ಷಗಳದ್ದಲ್ಲ, ನಿಜ. ಹವಾಮಾನ ಇಲಾಖೆಯ ಹಳೆಯ ವೀಕ್ಷಣಾಲಯಗಳ ಉದ್ದನೆಯ ದಾಖಲೆಯ ಜೊತೆ ಕೂಡಿಸಿದರೆ, ಅದು ಕಾಲದ ಲೆಕ್ಕ ಕೊಡುತ್ತದೆ, ಇದು ಜಾಗದ ಲೆಕ್ಕ ಕೊಡುತ್ತದೆ. ತೆಂಗಿನ ತೋಟದ ನೆರಳಿಗೂ ಬೋಳು ಹೆದ್ದಾರಿಯ ಅಂಚಿಗೂ ಇರುವ ವ್ಯತ್ಯಾಸ ಯಾವ ರಾಷ್ಟ್ರೀಯ ನಕ್ಷೆಯಲ್ಲೂ ಕಾಣುವುದಿಲ್ಲ.

ಡಾಂಬರಿನ ವಿಷಯದಲ್ಲಿ ಈ ಸ್ಥಳೀಯ ಅಂಕಿ ಇಂದೇ ಕೆಲಸಕ್ಕೆ ಬರುತ್ತದೆ. ಐಎಸ್ 73ರ 2013ರ ಆವೃತ್ತಿ, ಏಳು ದಿನಗಳ ಸರಾಸರಿ ಗರಿಷ್ಠ 30ರಿಂದ 38 ಇರುವಲ್ಲಿಗೆ ವಿಜಿ 20, 38ರಿಂದ 45 ಇರುವಲ್ಲಿಗೆ ವಿಜಿ 30 ದರ್ಜೆಯ ಡಾಂಬರು ಎಂದು ವಿಂಗಡಿಸಿತು. ಬೇಸಿಗೆಯಲ್ಲಿ 36–37 ಮಾಮೂಲಿಯಾಗಿರುವ ನಮ್ಮಂಥ ಸೀಮೆ ಸರಿಯಾಗಿ ಆ 38ರ ಗಡಿಯಲ್ಲಿ ನಿಂತಿದೆ. ಹಳ್ಳಿ ರಸ್ತೆಗೆ ಯಾವ ಡಾಂಬರು ಎಂಬುದು ಒಂದು ಡಿಗ್ರಿಯ ಮೇಲೆ ನಿರ್ಧಾರವಾಗುವ ಕಡೆ, ಆ ಒಂದು ಡಿಗ್ರಿ ಎಲ್ಲಿ, ಯಾವಾಗ ಅಳೆದದ್ದು ಎಂಬುದು ಸಣ್ಣ ವಿಷಯವಲ್ಲ.

ಎಲ್ಲವನ್ನೂ 2120ರ ಬಿಸಿಲಿಗೆ ಕಟ್ಟುವುದು ದುಂದು. ಡಾಂಬರಿನ ಪದರ ಕೆಲವೇ ವರ್ಷಕ್ಕೆ ಹೊಸದಾಗುತ್ತದೆ. ಅದಕ್ಕೆ ಇಂದಿನ ಉಷ್ಣಾಂಶ ಸಾಕು, ಆದರೆ ಅದು ನಿಜವಾಗಿ ಇಂದಿನದಾಗಿರಬೇಕು. ಜಾಯಿಂಟು, ಬೇರಿಂಗುಗಳನ್ನು ಸೇತುವೆಯ ಆಯಸ್ಸಿನಲ್ಲಿ ಹಲವು ಬಾರಿ ಬದಲಿಸುತ್ತಾರೆ. ಬದಲಿಸುವಾಗ ಸ್ವಲ್ಪ ದೊಡ್ಡದು ಹಾಕಲು ಜಾಗ ಇರುವಂತೆ ಕಂಬದ ತಲೆಯನ್ನು ಮೊದಲೇ ಅಗಲವಾಗಿ ಕಟ್ಟಬೇಕು. ಬದಲಿಸಲಾಗದ ಕಂಬ, ಪಾಯ, ಎರಡು ತುದಿಗಳಲ್ಲೂ ಬಿಗಿಯಾಗಿ ಸೇರಿಸಿದ ಉದ್ದನೆಯ ಕಟ್ಟು, ಇವಕ್ಕೆ ಮಾತ್ರ ಶತಮಾನದ ಕೊನೆಯ ಅಂಕಿ ಬೇಕು. ಹಣ ಖರ್ಚಾಗಬೇಕಾದ್ದು ಅಲ್ಲಿ.

ಐಎಸ್ 875ನ್ನು ನೋಡಿಕೊಳ್ಳುವುದು ಭಾರತೀಯ ಮಾನಕ ಸಂಸ್ಥೆಯ ಸಿಇಡಿ 37 ಎಂಬ ಸಮಿತಿ. ಐಆರ್‌ಸಿ 6 ಬಿ-2 ಸಮಿತಿಯ ಕೈಯಲ್ಲಿದೆ. ಸಂಹಿತೆ ಪರಿಷ್ಕರಿಸುವಾಗ ಮಾನಕ ಸಂಸ್ಥೆ ಕರಡನ್ನು ಎಲ್ಲರ ಅಭಿಪ್ರಾಯಕ್ಕೆ ಬಿಡುತ್ತದೆ. ಯಾರು ಬೇಕಾದರೂ ಬರೆಯಬಹುದು. ಆಧಾರವಿರುವ ಅಂಕಿ ಇಟ್ಟುಕೊಂಡು ಬರೆದರೆ ಸಮಿತಿ ಅದನ್ನು ಪಕ್ಕಕ್ಕಿಡುವುದು ಕಷ್ಟ. ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ತಿಪಟೂರಿನಲ್ಲೇ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವಿದೆ. ಸಿವಿಲ್ ವಿದ್ಯಾರ್ಥಿಗಳ ಒಂದು ತಂಡ ಹೆದ್ದಾರಿಯ ಒಂದೆರಡು ಸೇತುವೆ ಆರಿಸಿಕೊಂಡು, ಇಲಾಖೆಯ ಅನುಮತಿ ಪಡೆದು, ಜಾಯಿಂಟಿನ ಸಂದನ್ನು ಬೆಳಗಿನ ಆರಕ್ಕೆ ಮತ್ತು ಮಧ್ಯಾಹ್ನದ ಮೂರಕ್ಕೆ ವರ್ನಿಯರ್‌ನಲ್ಲಿ ಅಳೆಯಬಹುದು. ತೊಲೆಯ ಮೇಲೆ, ಕೆಳಗೆ, ಪಕ್ಕಕ್ಕೆ ಒಂದೊಂದು ಥರ್ಮೋಕಪಲ್ ಅಂಟಿಸಬಹುದು. ಮೂರು ಬೇಸಿಗೆ, ಮೂರು ಚಳಿಗಾಲದ ಅಳತೆಯನ್ನು ಕಿಬ್ಬನಹಳ್ಳಿ ಹೋಬಳಿ ಕೇಂದ್ರದ ಉಷ್ಣಾಂಶದ ಪಕ್ಕ ಇಟ್ಟರೆ, ಗ್ರಾನೈಟ್ ಜಲ್ಲಿಯ ನಮ್ಮ ಕಾಂಕ್ರೀಟು ನಿಜವಾಗಿ ಎಷ್ಟು ಹಿಗ್ಗುತ್ತದೆ, ಗಾಳಿಗಿಂತ ಎಷ್ಟು ಹೆಚ್ಚು ಕಾಯುತ್ತದೆ ಎಂಬುದು ಅಲ್ಲೇ ಸಿಗುತ್ತದೆ. ಜೊತೆಗೆ ಗುತ್ತಿಗೆದಾರರು ಬೇರಿಂಗು ಕೂರಿಸಿದ ದಿನದ ಉಷ್ಣಾಂಶವನ್ನು ಸೈಟ್ ರಿಜಿಸ್ಟರಿನಲ್ಲಿ ಬರೆದಿಡುವುದನ್ನೂ, ಆ ಪುಟವನ್ನು ಸೇತುವೆಯ ದಾಖಲೆಯ ಜೊತೆ ಉಳಿಸಿ ಕೇಳಿದವರಿಗೆ ಕೊಡುವುದನ್ನೂ ಲೋಕೋಪಯೋಗಿ ಇಲಾಖೆ ಟೆಂಡರಿನ ಷರತ್ತಾಗಿ ಈಗಲೇ ಸೇರಿಸಬಹುದು. ಅದಕ್ಕೆ ಹೊಸ ಸಂಹಿತೆ ಬರುವವರೆಗೆ ಕಾಯಬೇಕಿಲ್ಲ.